ನಾನು ಅಪ್ಪನ ಕಿವಿಯಾಗಿದ್ದಾಗ

ನಮ್ಮ ಮನೆಗೆ ಬಂದವರು ಹೊಸ್ತಿಲು ದಾಟುತ್ತಲೇ ತಲೆ ತಗ್ಗಿಸುತ್ತಿದ್ದರು. ಗೌರವಕ್ಕಲ್ಲ. ಪಡಸಾಲೆಯ ಜಂತಿಗಳಿಗೆ ಅಪ್ಪ ಸೈಕಲ್ ಗಾಲಿಗಳನ್ನು ನೇತುಹಾಕಿರುತ್ತಿದ್ದ, ತಗ್ಗಿಸದಿದ್ದರೆ ಹಣೆಗೆ ಬಡಿಯುತ್ತಿದ್ದವು. ಗೋಕಾಕದ ಆ ಓಣಿಯಲ್ಲಿ ನಮ್ಮದು ಮೂರು ಖೋಲಿಯ ಮಣ್ಣಿನ ಮನೆ. ಬೀದಿಗೆ ಪಡಸಾಲೆ, ಅದೇ ಅಪ್ಪನ ಕೆಲಸದ ಜಾಗ. ನಡುವೆ ಹಗಲಲ್ಲೂ ಕತ್ತಲಿರುವ ಒಂದು ಖೋಲಿ, ಅಲ್ಲಿ ಜೋಳದ ಚೀಲ, ಹಾಸಿಗೆ, ದೇವರು ಮೂರೂ ಒಟ್ಟಿಗೆ ಇರುತ್ತಿದ್ದವು. ಹಿಂದೆ ಅಡುಗೆಮನೆ. ಪಡಸಾಲೆಯ ಪಕ್ಕದ ಗೋಡೆಗೆ ಆನಿಸಿ ಒಂದು ಚಪ್ಪರ, ಅದರಡಿ ಕಟ್ಟಿಗೆ ಮತ್ತು ಕುಳ್ಳು. ತಿಂಗಳಿಗೆ ಮೂರು ದಿನ ಅವ್ವ ಹೊರಗೆ ಕೂಡುವುದೂ ಅಲ್ಲೇ. ಆ ಮೂರು ದಿನ ಅಪ್ಪ ಅಡುಗೆ ಮಾಡುತ್ತಿದ್ದ. ಅವನು ಬಡಿದ ರೊಟ್ಟಿ ಅಂಚಿನಲ್ಲಿ ಹರಿದು, ನಡುವೆ ದಪ್ಪಗಾಗಿ, ನೋಡಿದರೆ ನಗು ಬರುವಂತಿರುತ್ತಿತ್ತು. ಗಾಲಿಯನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದಂತೆ ದುಂಡಗೆ ಕಟ್ಟುವವನಿಗೆ ರೊಟ್ಟಿ ಮಾತ್ರ ದುಂಡಗೆ ಬರುತ್ತಿರಲಿಲ್ಲ. ಚಪ್ಪರದಿಂದಲೇ ಅವ್ವ ನಗುತ್ತಿದ್ದಳು. ಆ ಮನೆಯಲ್ಲಿ ಅವ್ವ ನಕ್ಕದ್ದು ನನಗೆ ನೆನಪಿರುವುದು ಅಂಥ ದಿನಗಳಲ್ಲೇ. ಉಳಿದ ದಿನ ಅವಳಿಗೆ ಪುರುಸೊತ್ತಿರಲಿಲ್ಲ.

ನಾವು ಬಡಿಗೇರರು. ಅಜ್ಜ, ಎಂದರೆ ಅಪ್ಪನ ಅಪ್ಪ, ಘೋಡಗೇರಿಯಲ್ಲಿ ಚಕ್ಕಡಿಯ ಗಾಲಿ ಮಾಡಿ ಹೆಸರಾದವನು. ಅವನ ಒಬ್ಬನೇ ಮಗ ಉಳಿ, ಬಾಚಿ ಬಿಟ್ಟು ಗೋಕಾಕಕ್ಕೆ ಬಂದು ಸೈಕಲ್ಲಿಗೆ ಬಿದ್ದದ್ದು ಅವನಿಗೆ ಕಡೆಯವರೆಗೂ ಸರಿಬರಲಿಲ್ಲ. ಅಜ್ಜಿ ಸತ್ತ ಮೇಲೆ ಬೇರೆ ದಾರಿಯಿಲ್ಲದೆ ನಮ್ಮಲ್ಲಿಗೇ ಬಂದ. ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಕೂತು, ಅಪ್ಪ ರಿಮ್ಮಿಗೆ ಕಡ್ಡಿ ಹಾಕುವುದನ್ನು ದಿನವಿಡೀ ನೋಡುತ್ತ ಗೊಣಗುವುದೇ ಅವನ ಕೆಲಸ. ಸ್ಪೋಕು ಎಂಬ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ, ಕಡ್ಡಿ ಎಂದೇ ಅನ್ನುತ್ತಿದ್ದೆವು.

"ಏನೋ ಕಾಳ್ಯಾ, ಈ ತಂತಿ ಮ್ಯಾಲ ಮನಷ್ಯಾ ಕುಂಡ್ರತಾನೇನೋ? ಚಕ್ಕಡಿ ಗಾಲಿಗಿ ಕಟಗಿ ಕಾಲು ಇರ್ತಾವ, ಭಾರ ಹೊರತಾವ. ಇದಕ್ಕೇನೈತಿ?"

"ಇದು ಹೊರೂದಿಲ್ಲಪಾ, ಜಗ್ಗತೈತಿ. ನಡುವಿನ ಅಚ್ಚನ್ನ ಎಲ್ಲಾ ಕಡಿಂದ ಸರೀಕ ಜಗ್ಗಿ ಹಿಡಿತೈತಿ. ಒಂದು ಸಡ್ಲ ಬಿತ್ತಂದ್ರ ಅದರ ಪಾಲಿಂದು ಬಾಜೂದ್ರ ಮ್ಯಾಲ ಬೀಳ್ತೈತಿ."

ಅಜ್ಜ ಇದನ್ನು ನೂರು ಸಲ ಕೇಳಿದ್ದ, ನೂರು ಸಲವೂ ಮುಖ ತಿರುವಿದ್ದ. ಆದರೆ ಅಪ್ಪನ ಹತ್ಯಾರಗಳ ವಿಷಯದಲ್ಲಿ ಅವನದು ಪಕ್ಕಾ ಬಡಿಗೇರನ ಕಟ್ಟುನಿಟ್ಟು. ಅಮಾವಾಸ್ಯೆಗೆ ಕಡ್ಡಿ ಬಿಗಿಯುವ ಪಾನಾ, ಸುತ್ತಿಗೆ, ಅರ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ವಿಭೂತಿ ಹಚ್ಚಿ ಕಾಳಮ್ಮನ ಪೂಜೆ ಆಗಬೇಕು. ಆ ದಿನ ಯಾರೂ ಅವನ್ನು ಮುಟ್ಟುವಂತಿಲ್ಲ. ಹೊರಗಾದ ಹೆಂಗಸು ಯಾವ ದಿನವೂ ಅವನ್ನಾಗಲಿ, ಅವುಗಳಿಂದ ನಡೆದಿರುವ ಕೆಲಸವನ್ನಾಗಲಿ ಮುಟ್ಟುವಂತಿಲ್ಲ. ಮುಟ್ಟಿದರೆ ಮುಂದಿನ ಅಮಾವಾಸ್ಯೆಯ ಪೂಜೆಯಾಗುವ ತನಕ ಅವುಗಳಿಂದ ಕೆಲಸ ಮಾಡಬಾರದು. ಸೈಕಲ್ಲನ್ನು ಬೈಯುವ ಅಜ್ಜ ಸೈಕಲ್ಲಿನ ಪಾನಾಕ್ಕೆ ಮಡಿ ಹೇಳುವುದು ನನಗೆ ತಮಾಷೆಯಾಗಿತ್ತು.

ನೆಟ್ಟಗೆ ಕಾಣುವ ಗಾಲಿಯೆಲ್ಲ ಸರಿಯಾದ ಗಾಲಿಯಲ್ಲ ಎಂಬುದು ಅಪ್ಪನಿಂದ ನಾನು ಕಲಿತ ಮೊದಲ ಪಾಠ. ದೊಡ್ಡ ಯುದ್ಧದ ವರ್ಷಗಳವು. ಹೊಸ ರಿಮ್ಮು, ಹೊಸ ಕಡ್ಡಿ ಬೆಳಗಾವಿಗೆ ಹೋದರೂ ಸಿಗುತ್ತಿರಲಿಲ್ಲ. ಮುರಿದ ಸೈಕಲ್ಲುಗಳ ರಿಮ್ಮು ಬಿಚ್ಚಿ, ಬಡಿದು ನೆಟ್ಟಗೆ ಮಾಡಿ, ಹಳೆಯ ಕಡ್ಡಿಗಳನ್ನೇ ಆರಿಸಿ ಅಪ್ಪ ಗಾಲಿ ಕಟ್ಟುತ್ತಿದ್ದ. ಮುಂದಿನ ಗಾಲಿಗೆ ಮೂವತ್ತೆರಡು ಕಡ್ಡಿ, ಹಿಂದಿನದಕ್ಕೆ ನಲವತ್ತು. ನೆಲಕ್ಕೆ ಹುಗಿದ ಕಟ್ಟಿಗೆಯ ಕವಲಿನಲ್ಲಿ ಗಾಲಿ ಸಿಕ್ಕಿಸಿ ತಿರುಗಿಸಿ, ರಿಮ್ಮಿನ ಬದಿಗೆ ಸುಣ್ಣದ ತುಂಡು ಹಿಡಿಯುತ್ತಿದ್ದ. ಹೊರಗೆ ಬಾಗಿದ ಕಡೆ ಸುಣ್ಣ ತಾಗಿ ಗೆರೆ ಮೂಡುತ್ತಿತ್ತು. ಅದಕ್ಕೆ ಔಟ್ ಎನ್ನುತ್ತಿದ್ದರು. ಔಟ್ ಇದ್ದಲ್ಲಿ ಒಂದು ಬದಿಯ ಕಡ್ಡಿ ಬಿಗಿದು, ಎದುರಿನದನ್ನು ಸಡಿಲಿಸಿ, ಕಾಲು ಸುತ್ತು, ಅರ್ಧ ಸುತ್ತು ಎಂದು ಪಾನಾ ತಿರುಗಿಸುತ್ತ ಹೋಗಬೇಕು. ಕಣ್ಣಿದ್ದವರು ಯಾರಾದರೂ ಕಲಿಯಬಹುದಾದ ಕೆಲಸ. ಆದರೆ ಬಡಿದು ನೆಟ್ಟಗೆ ಮಾಡಿದ ರಿಮ್ಮು ತನ್ನ ಹಳೆಯ ಡೊಂಕನ್ನು ಬಿಡುವುದಿಲ್ಲ. ಅದನ್ನು ಅಡಗಿಸಲು ಕೆಲವು ಕಡ್ಡಿಗಳನ್ನು ವಿಪರೀತ ಬಿಗಿದು ಕೆಲವನ್ನು ಸಡಿಲ ಬಿಟ್ಟರೆ ಗಾಲಿ ಚೆಂದವಾಗಿಯೇ ತಿರುಗುತ್ತದೆ, ಭಾರ ಹೊತ್ತು ತಗ್ಗಿಗೆ ಬಿದ್ದಾಗ ಹಪ್ಪಳದಂತೆ ಮಡಚುತ್ತದೆ. ಇದನ್ನು ಹಿಡಿಯುವುದು ಕಿವಿಯಿಂದ. ಉಗುರಿನಿಂದ ಒಂದೊಂದೇ ಕಡ್ಡಿ ಮೀಟಿದರೆ ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಸತ್ತ ದನಿಯಲ್ಲಿ ಥಡ್ ಎನ್ನುತ್ತದೆ. ಮುಂದಿನ ಗಾಲಿಯಲ್ಲಾದರೆ ಮೂವತ್ತೆರಡೂ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ನುಡಿಯಬೇಕು. ಕಟ್ಟಿದ ಗಾಲಿಯನ್ನು ಮೂರು ದಿನ ಜಂತಿಗೆ ತೂಗುಹಾಕಿ, ಇಳಿಸಿ, ಮತ್ತೆ ಮೀಟಿ ನೋಡದೆ ಅಪ್ಪ ಯಾರಿಗೂ ಕೊಡುತ್ತಿರಲಿಲ್ಲ. ಹುಕ್ಕೇರಿ, ಮೂಡಲಗಿಯಿಂದಲೂ ಜನ ಗಾಲಿ ಹೊತ್ತುಕೊಂಡು ಬರುತ್ತಿದ್ದರು. ಕಾಳಪ್ಪ ಮಿಸ್ತ್ರಿಯ ಕಿವಿ ಎಂದರೆ ಸುತ್ತಲಿನ ಊರುಗಳಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಕಿವಿ ನನಗೆ ಒಂಬತ್ತು ತುಂಬಿದ ವರ್ಷ ಹೋಯಿತು. ಚಳಿಗಾಲದಲ್ಲಿ ಜ್ವರ ಬಂದು ಎರಡೂ ಕಿವಿ ಸೋರಿದವು. ಅವ್ವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು, ಅಜ್ಜ ಏನೋ ಸೊಪ್ಪಿನ ರಸ ಹಿಂಡಿದ. ಜ್ವರ ಇಳಿಯಿತು. ಬಲಗಿವಿಯಲ್ಲಿ ಅಷ್ಟಿಷ್ಟು ಉಳಿಯಿತು, ಎದುರಿಗೆ ಕೂತು ಜೋರಾಗಿ ಮಾತಾಡಿದರೆ ಕೇಳುತ್ತಿತ್ತು. ನಮ್ಮ ಕಡೆ ಮಾತಾಡುವುದೇ ಕೂಗಿದಂತೆ, ಹಾಗಾಗಿ ಕಿವಿ ತುಸು ಮಂದವಾಗಿದೆ ಎಂದಷ್ಟೇ ಮನೆಯವರೂ ತಿಳಿದರು. ಕಡ್ಡಿಯ ಸಣ್ಣ ದನಿ ಅವನಿಗೆ ಒಂದಿಷ್ಟೂ ಕೇಳುವುದಿಲ್ಲ ಎಂಬುದು ಗೊತ್ತಿದ್ದದ್ದು ನನಗೊಬ್ಬಳಿಗೇ. ಮೊದಲು ಅದು ಆಟದಂತೆ ಶುರುವಾಯಿತು. "ಸುಂದ್ರಾ, ಇದರಾಗ ಯಾವುದು ಬ್ಯಾರೆ ಐತಿ ಹೇಳು ನೋಡೂಣು" ಎನ್ನುತ್ತಿದ್ದ. ನಾನು ಹೇಳಿದ್ದೆಲ್ಲ ಸರಿಯಾಗುತ್ತಿದ್ದುದರಿಂದ ನನಗೆ ಜಂಬ. ಕೆಲ ದಿನಗಳ ಮೇಲೆ, ನಾನು ಬೇಕೆಂದೇ ಒಂದು ಸತ್ತ ಕಡ್ಡಿಯನ್ನು ಸರಿಯಿದೆ ಎಂದೆ, ಅವನು ತಲೆಯಾಡಿಸಿ ಮುಂದಕ್ಕೆ ಹೋದ. ಆಗ ನನಗೆ ಭಯವಾಯಿತು. ನಾನು ಅತ್ತದ್ದನ್ನು ನೋಡಿ, ನನಗೆ ಗುಟ್ಟು ಗೊತ್ತಾಗಿದೆ ಎಂದು ಅವನಿಗೂ ತಿಳಿಯಿತು. ನಡುವಿನ ಖೋಲಿಗೆ ಕರೆದುಕೊಂಡು ಹೋಗಿ ದೇವರ ಮುಂದೆ ನಿಲ್ಲಿಸಿದ.

"ಯಾರ ಮುಂದೂ ಆಡಬ್ಯಾಡವಾ. ನಿಮ್ಮವ್ವಗೂ ಬ್ಯಾಡ. ಕಿವಿ ಇಲ್ಲದಂವಗ ಗಾಲಿ ಯಾರು ಕೊಡತಾರ? ಕಾಳಮ್ಮನ ಆಣಿ ಮಾಡು."

ನಾನು ಆಣೆ ಮಾಡಿದೆ. ಅಂದಿನಿಂದ ಗಾಲಿಯ ಆಚೆ ಬದಿ ಕೂತು, ಅಪ್ಪ ಮೀಟಿದಂತೆಲ್ಲ ಮೊಣಕಾಲ ಮೇಲಿಟ್ಟ ಬೆರಳಿನಿಂದ ಹೇಳುತ್ತಿದ್ದೆ. ಬೆರಳು ಎತ್ತಿದರೆ ಬಿಗಿ ಹೆಚ್ಚಾಗಿದೆ, ಮಡಚಿದರೆ ಸಡಿಲ. ಬಂದವರು ಅಪ್ಪ ಕಣ್ಣು ಅರೆಮುಚ್ಚಿ ಮೀಟುವುದನ್ನು ನೋಡಿ ಬೆರಗಾಗುತ್ತಿದ್ದರು. ಅವನು ಅರೆಗಣ್ಣಿನಿಂದ ನೋಡುತ್ತಿದ್ದದ್ದು ನನ್ನ ಬೆರಳನ್ನು. ಮೂರು ವರ್ಷ ಹೀಗೇ ನಡೆಯಿತು. ಆ ಮೂರು ವರ್ಷ ಬೇಕಾದವಳಾಗಿ ಬದುಕಿದಷ್ಟು ನಾನು ಮತ್ತೆಂದೂ ಯಾರಿಗೂ ಬೇಕಾಗಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಅವ್ವನಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. ಊಟಕ್ಕೆ ಕೂತಾಗ ದಿನವೂ ಇದೇ ಜಗಳ. ರೊಟ್ಟಿ, ಪುಂಡಿಪಲ್ಲೆ ಬಡಿಸುತ್ತ, ಅಪ್ಪನ ಬಲಗಿವಿಯ ಕಡೆಗೇ ಬಂದು ನಿಂತು ಶುರುಮಾಡುತ್ತಿದ್ದಳು.

"ಹೆಣ್ಣು ಹುಡಿಗಿ ಹಗಲೆಲ್ಲಾ ಗಂಡಸರ ನಡುವ ಕುಂಡ್ರತೈತಿ. ರೊಟ್ಟಿ ಬಡ್ಯಾಕ ಬರೂದಿಲ್ಲ, ಕಸಾ ಹೊಡ್ಯಾಕ ಬರೂದಿಲ್ಲ. ನಾಳೆ ಬೆಲ್ಲದ ಬಾಗೇವಾಡಿಯವರು ಕೇಳಾಕ ಬಂದ್ರ ಏನಂತ ಹೇಳ್ಲಿ? ಕಡ್ಡಿ ಮೀಟತಾಳ ಅಂತ ಹೇಳ್ಲೇನ್ರಿ?"

ಬೆಲ್ಲದ ಬಾಗೇವಾಡಿಯಲ್ಲಿ ಅವ್ವನ ದೂರದ ನೆಂಟರಿದ್ದರು, ಅವರ ಮಗನಿಗೆ ನನ್ನನ್ನು ಕೇಳುವ ಮಾತು ನಡೆದಿತ್ತು. ಅಪ್ಪ ಕೇಳಿಸದವನಂತೆ ಉಣ್ಣುತ್ತಿದ್ದ. ಅವನಿಗೆ ನಿಜಕ್ಕೂ ಯಾವುದು ಕೇಳಲಿಲ್ಲ, ಯಾವುದು ಕೇಳಿದರೂ ಬೇಡವಾಗಿತ್ತು ಎನ್ನುವುದು ಅವ್ವನಿಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ.

ಹನ್ನೆರಡರ ಸುಮಾರಿಗೆ ನಾನು ದೊಡ್ಡವಳಾದೆ. ಅವ್ವನಿಗೆ ಹಿಡಿಸಲಾರದಷ್ಟು ಸಂತೋಷ. ಓಣಿಯ ಹೆಂಗಸರು ಬಂದು ಹಾಡಿದರು, ಒಣಕೊಬ್ಬರಿ, ಬೆಲ್ಲ, ತುಪ್ಪ ತಿನ್ನಿಸಿದರು. ಮೊದಲ ಸಲವಾದ್ದರಿಂದ ಐದು ದಿನ ಚಪ್ಪರದಲ್ಲಿ ಕೂಡಬೇಕು, ಆಮೇಲೆ ನೀರು ಹಾಕಿ ಆರತಿ. ಆ ವಾರವೇ ಮೂಡಲಗಿಯ ಮಾಸ್ತರರ ಮುಂದಿನ ಗಾಲಿ ಕಟ್ಟುವುದಿತ್ತು. ಅವರು ಲಿಂಗವಂತರು, ಮೂಡಲಗಿಯ ಸಾಲೆಯಲ್ಲಿ ಕಲಿಸುತ್ತಿದ್ದರು. ಅವರ ಅಕ್ಷರದ ಹೆಸರು ಎಷ್ಟಿತ್ತೆಂದರೆ ಲಗ್ನಪತ್ರಿಕೆ ಬರೆಸಲು ದೂರದೂರಿನವರು ಹುಡುಕಿಕೊಂಡು ಬರುತ್ತಿದ್ದರು. ನನ್ನನ್ನು ಕಂಡರೆ ಅಕ್ಕರೆ, ಬಂದಾಗೆಲ್ಲ ಸುಣ್ಣದ ತುಂಡಿನಿಂದ ನೆಲದ ಮೇಲೆ ನನ್ನ ಹೆಸರು ಬರೆದು ತೋರಿಸುವರು. ನಾನು ಕೂತ ಐದನೆಯ ದಿನ ಸಾಲೆಗೆ ತಪಾಸಣೆಗೆ ಸಾಹೇಬರು ಬರುವವರಿದ್ದರು, ಮಾಸ್ತರರಿಗೆ ನಾಲ್ಕನೆಯ ದಿನವೇ ಗಾಲಿ ಬೇಕಿತ್ತು. ಅಪ್ಪ ಹಳೆಯ ರಿಮ್ಮೊಂದನ್ನು ಬಡಿದು ಕಟ್ಟಿ, ಮೂರು ದಿನ ತೂಗುಹಾಕಿ, ನಾಲ್ಕನೆಯ ದಿನ ಇಳಿಸಿದ. ನಾನು ಗೋಡೆಯ ಈಚೆ, ಅವನು ಆಚೆ.

ಮಣ್ಣಿನ ಗೋಡೆ, ನಡುವೆ ಒಂದು ಬೆಳಕಿಂಡಿ. ಅಪ್ಪ ಯಾವಾಗಲೂ ಗಾಳಿ ತುಂಬುವ ತೂತಿನಿಂದ ಶುರುಮಾಡುತ್ತಿದ್ದ. ಅವನು ಮೀಟತೊಡಗಿದಾಗ ನಾನು ರೂಢಿಯಂತೆ ಎಣಿಸಿದೆ. ಎಂಟರವರೆಗೆ ಟಿಣ್ ಟಿಣ್ ಎಂದಿತು. ಒಂಬತ್ತು ಸತ್ತಿತ್ತು. ಹತ್ತೂ ಸತ್ತಿತ್ತು, ಹನ್ನೊಂದೂ. ಹನ್ನೆರಡನೆಯದು ಹರಿಯುವಷ್ಟು ಬಿಗಿ. ಅವನು ನಿಲ್ಲದೆ ಮುಂದಕ್ಕೆ ಹೋದ. ಎರಡನೆಯ ಸುತ್ತಿನಲ್ಲೂ ಹಾಗೇ. ಕೂಗಿದರೆ ಗೋಡೆಯಾಚೆ ಅವನಿಗೊಬ್ಬನಿಗೆ ಬಿಟ್ಟು ಓಣಿಗೆಲ್ಲ ಕೇಳುತ್ತದೆ. ಅವ್ವ ನೀರು ಕೊಡಲು ಬಂದಳು.

"ಯವ್ವಾ, ಅಪ್ಪಗ ಹೇಳು, ತೂತಿನಿಂದ ಒಂಬತ್ತನೇದು, ಹತ್ತನೇದು, ಹನ್ನೊಂದನೇದು ಸಡ್ಲ ಅದಾವ ಅಂತ."

"ನಿನಗ್ಯಾಕ ಬೇಕ ಅದು? ಅವರ ಕೆಲಸಾ ಅವರಿಗಿ ಗೊತ್ತಿಲ್ಲೇನು? ಮಾಸ್ತರ ಕುಂತಾರ, ನಿಮ್ಮಜ್ಜ ಕುಂತಾನ, ನಾ ಹೋಗಿ ಮಿಸ್ತ್ರಿಗಿ ಗಾಲಿ ಕಲಸ್ಲೇನು? ಸುಮ್ನ ಕುಂಡ್ರು."

ಅಪ್ಪನಿಗೆ ಕೇಳುವುದಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು. ಆಣೆ ನೆನಪಾಗಿ ನುಂಗಿದೆ. ಅವ್ವ ಒಳಗೆ ಹೋದಳು. ಆಚೆ ಅಪ್ಪ "ಆತ್ರಿ ಮಾಸ್ತರ" ಎಂದದ್ದು ಕೇಳಿಸಿತು. ನಾನು ಎದ್ದೆ. ಬೀದಿಗೆ ಬಂದು, ಹೊಸ್ತಿಲು ದಾಟಿ, ಪಡಸಾಲೆಗೆ ನುಗ್ಗಿ ಗಾಲಿಗೆ ಕೈ ಹಾಕಿದೆ. ಅಪ್ಪನ ಎಡಗೈ ಆ ಮೂರು ಕಡ್ಡಿಗಳ ಮೇಲೇ ಇತ್ತು, ಅವನ್ನು ಒಟ್ಟಾಗಿ ಹಿಂಡಿ ಹಿಡಿದಂತಿತ್ತು. ನಾನು ಅವನ ಬೆರಳು ಸರಿಸಿ ಮೀಟಿ, "ಇವು ಮೂರು ಅಪ್ಪಾ, ಇವು ಮೂರು" ಎಂದೆ.

ಅಪ್ಪ ನನ್ನ ಮುಖ ನೋಡಿದ, ಮಾಸ್ತರರ ಮುಖ ನೋಡಿದ. ಆಮೇಲೆ ನನ್ನ ಕೆನ್ನೆಗೆ ಹೊಡೆದ. ಅವನು ನನಗೆ ಹೊಡೆದದ್ದು ಅದೊಂದೇ ಸಲ.

ಅಜ್ಜ ಕಂಬಳಿ ಒದ್ದು ಎದ್ದು ನಿಂತಿದ್ದ.

"ಪಾನಾ ಕೆಳಗ ಇಡೋ ಕಾಳ್ಯಾ! ಹೊರಗಾದಾಕಿ ಬಂದು ಮುಟ್ಟಿದ್ಲಲ್ಲೋ! ಅಮಾಸಿ ಪೂಜಿ ಆಗೂತನಾ ಆ ಗಾಲಿಗೂ ಹತ್ಯಾರ ಹಚ್ಚಾಂಗಿಲ್ಲ, ಯಾವ ಗಾಲಿಗೂ ಹಚ್ಚಾಂಗಿಲ್ಲ!"

"ಇರ್ಲಿ ಬಿಡ್ರಿ ಅಜ್ಜಾರ," ಮಾಸ್ತರರು ಮೆಲ್ಲಗೆ ಅಂದರು. "ನಮ್ಮೊಳಗ ಇದಕ್ಕ ಸೂತಕಾ ಹಿಡಿಯೂದಿಲ್ಲ. ಕೂಸು ಏನೋ ಹೇಳಾಕ ಬಂದೈತಿ. ಏನಂತ ಕೇಳ್ರಲಾ ಮಿಸ್ತ್ರಿ."

"ಏನಿಲ್ರಿ ಮಾಸ್ತರ, ಹುಡುಗಾಟ. ಗಾಲಿ ಸರಿ ಐತಿ, ಹಾಕ್ಕೊಂಡು ಹೋಗ್ರಿ."

ಅವ್ವ ಬಂದು ನನ್ನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಸರಿಮಾಡಲೆಂದು ಹೋದ ನಾನೇ, ಸರಿಮಾಡಲು ಇದ್ದ ಒಂದು ದಾರಿಯನ್ನೂ ಮುಚ್ಚಿದೆ. ನಾನು ಸುಮ್ಮನಿದ್ದಿದ್ದರೆ ಅಪ್ಪ ಮೂರನೆಯ ಸುತ್ತು ಮೀಟುತ್ತಿದ್ದನೋ ಏನೋ, ಏನಾದರೂ ನೆಪ ಹೇಳಿ ಅರ್ಧ ಸುತ್ತು ಪಾನಾ ತಿರುಗಿಸುತ್ತಿದ್ದನೋ ಏನೋ. ಈಗ ಅವನು ಪಾನಾ ಮುಟ್ಟುವಂತೆಯೇ ಇರಲಿಲ್ಲ. ಮಾಸ್ತರರು ತಮ್ಮ ಸೈಕಲ್ಲಿನ ಚೀಲದಲ್ಲಿದ್ದ ಪಾನಾದಿಂದ ತಾವೇ ಗಾಲಿ ಬಿಗಿದುಕೊಂಡು, ಚಪ್ಪರದ ಮುಂದೆ ಹಾಯುವಾಗ ಗಂಟೆ ಬಾರಿಸಿ ಹೋದರು.

ಊರ ಹೊರಗಿನ ಇಳಿಜಾರಿನಲ್ಲಿ ಗಾಲಿ ಮಡಚಿತು. ಮಾಸ್ತರರನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದರಂತೆ. ಬಲಗೈ ಮಣಿಕಟ್ಟಿನ ಹತ್ತಿರ ಎರಡು ಕಡೆ ಮುರಿದಿತ್ತು, ನಾಟಿ ವೈದ್ಯರು ಕಟ್ಟಿದರು, ಕೂಡಿದರೂ ಸೊಟ್ಟಗೆ ಕೂಡಿತು. ಆ ಕೈಯಿಂದ ಅವರು ಮತ್ತೆ ಸರಿಯಾಗಿ ಬರೆಯಲಿಲ್ಲ. ಐದನೆಯ ದಿನ ನನಗೆ ನೀರು ಹಾಕಿದರು, ಆದರೆ ಆರತಿಗೆ ಯಾರೂ ಬರಲಿಲ್ಲ. ಅಷ್ಟರಲ್ಲಿ ಓಣಿಯ ಬಾಯಿಯೆಲ್ಲ ಒಂದೇ ಮಾತು ಆಡುತ್ತಿತ್ತು: ಹುಡುಗಿ ಹೊರಗಾದಾಗ ಮುಟ್ಟಿದಳು, ಅದಕ್ಕೇ ಗಾಲಿ ಮುರಿಯಿತು, ಕಾಳಮ್ಮ ಸುಮ್ಮನೆ ಬಿಡುತ್ತಾಳೆಯೇ? ಅಜ್ಜ ಅದನ್ನು ಬಂದವರಿಗೆಲ್ಲ ತಾನೇ ಹೇಳಿದ. ಬೆಲ್ಲದ ಬಾಗೇವಾಡಿಯವರು ಮಾತು ಮುರಿದುಕೊಂಡರು. ಅವ್ವ ಒಲೆಯ ಮುಂದೆ ಕೂತು ಅತ್ತಳು, ನನ್ನನ್ನು ಬೈಯಲೂ ಇಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ನಾನು ಅಪ್ಪನ ಬಾಯಿ ಕಾದೆ. ತನಗೆ ಕಿವಿ ಕೇಳುವುದಿಲ್ಲ, ಕಡ್ಡಿ ಸಡಿಲಿರುವುದನ್ನು ಹೇಳಲು ಅವಳು ಬಂದಿದ್ದಳು ಎಂದು ಅವನು ಒಂದು ಮಾತು ಅಂದಿದ್ದರೆ ಸಾಕಿತ್ತು. ಊಟಕ್ಕೆ ಕೂತಾಗೆಲ್ಲ ಇಂದು ಅನ್ನುತ್ತಾನೆ, ನಾಳೆ ಅನ್ನುತ್ತಾನೆ ಎಂದುಕೊಂಡೆ. ಅವನು ರೊಟ್ಟಿ ಮುರಿಯುತ್ತಿದ್ದ, ತಟ್ಟೆ ನೋಡುತ್ತಿದ್ದ. ನಾನೂ ಹೇಳಲಿಲ್ಲ. ಆಣೆಯೊಂದೇ ಕಾರಣವಲ್ಲ, ಹೇಳಬೇಕಾದವನು ಅವನು ಎಂದು ನನಗೆ ಸಿಟ್ಟು.

ಅಮಾವಾಸ್ಯೆಯ ಪೂಜೆಯಾಗಿ ಹತ್ಯಾರ ಮತ್ತೆ ಕೈಗೆ ಬಂದವು, ಆದರೆ ನಾನು ಪಡಸಾಲೆಯಲ್ಲಿ ಕಾಲಿಡುವುದು ನಿಂತುಹೋಯಿತು. ಅಪ್ಪ ಒಬ್ಬನೇ ಕಟ್ಟಿದ. ಕಟ್ಟಿದ ಗಾಲಿಗಳು ಒಂದೊಂದಾಗಿ ವಾಪಸು ಬಂದವು, ಆಮೇಲೆ ಬರುವುದೂ ನಿಂತಿತು. ಜನ ಅದಕ್ಕೂ ನನ್ನ ಹೆಸರನ್ನೇ ಹೇಳಿದರು. ವರ್ಷದೊಳಗೆ ಜಂತಿಗಳು ಬೋಳಾದವು, ತಲೆ ತಗ್ಗಿಸದೆ ಒಳಗೆ ಬರಬಹುದಿತ್ತು, ಬರುವವರು ಯಾರೂ ಇರಲಿಲ್ಲ. ಅಪ್ಪ ಅಜ್ಜನ ಬಾಚಿ ಹಿಡಿದು ಚಕ್ಕಡಿ ಕೆಲಸಕ್ಕೆ ಇಳಿದ. ಅಜ್ಜ ಗೆದ್ದವನಂತೆ ಸತ್ತ. ನನ್ನನ್ನು ಕೊನೆಗೆ ಹುಕ್ಕೇರಿಯ ಕಡೆ, ಹೆಂಡತಿ ಸತ್ತು ಎರಡು ಮಕ್ಕಳಿದ್ದವನಿಗೆ ಕೊಟ್ಟರು. ಒಳ್ಳೆಯವನೇ. ಆದರೂ ಲಗ್ನದ ದಿನ ನಾನು ಯಾರ ಮೇಲಿನ ಸಿಟ್ಟಿಗೆ ಅಷ್ಟು ಅತ್ತೆನೋ ಗಂಡನಿಗೆ ಗೊತ್ತಾಗಲಿಲ್ಲ.

ಅವ್ವ ತೀರಿಕೊಂಡ ಮೇಲೆ, ಒಂದು ಬೇಸಿಗೆ, ಅಪ್ಪನನ್ನು ನೋಡಲು ಗೋಕಾಕಕ್ಕೆ ಹೋದೆ. ಆ ಹೊತ್ತಿಗೆ ಅವನ ಬಲಗಿವಿಯೂ ಮುಚ್ಚಿತ್ತು. ಕಣ್ಣಿಗೆ ಪೊರೆ ಬಂದಿತ್ತು, ಬಾಯಿಯ ಚಲನೆಯೂ ಕಾಣುತ್ತಿರಲಿಲ್ಲ. ಕಿವಿಗೆ ಬಾಯಿ ಹಚ್ಚಿ ಗಂಟಲು ಹರಿಯುವಂತೆ ಕೂಗಿದರೆ ಮಾತ್ರ ಏನೋ ತಿಳಿಯುತ್ತಿತ್ತು. ಮಧ್ಯಾಹ್ನ ಪಡಸಾಲೆಯಲ್ಲೇ ಊಟ ಮಾಡಿ ಕೂತಿದ್ದೆವು. ಹೊರಗೆ ಕಟ್ಟೆಯ ಮೇಲೆ ಓಣಿಯ ಹೆಂಗಸರು ಶಾವಿಗೆ ಹೊಸೆಯುತ್ತಿದ್ದರು. ಅಂದು ನನ್ನ ಹೆಸರು ಹೇಳಿ ಬಾಯಿ ಬಡಿದುಕೊಂಡವರೇ ಹೆಚ್ಚಿನವರು, ಈಗ ಮುದುಕಿಯರು. ಅಪ್ಪ ಇದ್ದಕ್ಕಿದ್ದಂತೆ, ಕಿವಿ ಕೇಳದ ಕೆಲವರು ಆಡುವ ಪಿಸುದನಿಯಲ್ಲಿ, ನನಗಷ್ಟೇ ಕೇಳುವಂತೆ ಅಂದ.

"ಆ ಮೂರು ಕಡ್ಡಿ ಸಡ್ಲ ಇದ್ದದ್ದು ನನಗ ಗೊತ್ತಿತ್ತವಾ. ಕಿವಿಗಿ ಅಲ್ಲ, ಕೈಗಿ ಗೊತ್ತಾಗಿತ್ತು. ನೀ ಬರೂಕಿಂತ ಮದಲ ಗೊತ್ತಾಗಿತ್ತು."

ಇಷ್ಟು ವರ್ಷ ನಾನು ಅವನನ್ನು ಕ್ಷಮಿಸಲು ಹಿಡಿದುಕೊಂಡಿದ್ದ ಒಂದೇ ಆಧಾರ, ಪಾಪ ನಾನು ನುಗ್ಗುವ ತನಕ ಅವನಿಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಪಾನಾ ಮುಟ್ಟುವಂತಿರಲಿಲ್ಲ ಎಂಬುದು. ಹಾಗಾದರೆ ಯಾಕೆ ಕೊಟ್ಟೆ, ಯಾಕೆ ನನಗೆ ಹೊಡೆದೆ, ಆಮೇಲಾದರೂ ಯಾಕೆ ಹೇಳಲಿಲ್ಲ? ಕೇಳಲು ಅವನ ಕಿವಿಯ ಹತ್ತಿರ ಬಾಗಿದೆ. ಕೇಳಬೇಕೆಂದರೆ ಕೂಗಬೇಕು. ಕೂಗಿದರೆ ಕಟ್ಟೆಯ ಮೇಲಿನ ಅಷ್ಟೂ ಹೆಂಗಸರಿಗೆ ಒಂದೇ ಸಲಕ್ಕೆ ಎಲ್ಲ ತಿಳಿಯುತ್ತಿತ್ತು. ನನ್ನ ತಲೆಯ ಮೇಲಿನ ಮಾತು ಆ ಕ್ಷಣವೇ ಇಳಿಯುತ್ತಿತ್ತು, ಇಳಿದು ಅವನ ತಲೆಯ ಮೇಲೆ ಕೂರುತ್ತಿತ್ತು. ಅಪ್ಪ ನನ್ನ ಉಸಿರು ತಾಗಿದ್ದಕ್ಕೆ ತಲೆ ವಾಲಿಸಿ, "ಆಂ? ಏನಂದಿ?" ಎಂದ. ಅವನ ಮುಂದಿನ ಎಂಜಲು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.